ಹುಬ್ಬಳ್ಳಿ ದಾರಿಗೆ ನಾಲ್ಕೈದು ಲಕ್ಷದ ಕಾರು

ಬೆಂಗಳೂರಿನಲ್ಲಿ ಕೆಲಸ, ಹುಬ್ಬಳ್ಳಿ ಕಡೆ ಮನೆ. ತಿಂಗಳಿಗೆ ಒಂದೋ ಎರಡೋ ಸಲ ಊರಿಗೆ ಹೋಗಿಬರಬೇಕು. ಜೊತೆಗೆ ಹೆಂಡತಿ, ಮಗು, ವಾಪಸ್ ಬರುವಾಗ ಡಿಕ್ಕಿ ತುಂಬ ಜೋಳದ ಚೀಲ, ಶೇಂಗಾ ಚಟ್ನಿಯ ಡಬ್ಬಿ. ಕೈಯಲ್ಲಿರುವುದು ನಾಲ್ಕೈದು ಲಕ್ಷ. ಹೀಗೆ ಸೆಕೆಂಡ್ ಹ್ಯಾಂಡ್ ಕಾರು ಹುಡುಕುವವರು ನನ್ನ ಬಳಗದಲ್ಲೇ ಬಹಳ ಮಂದಿ. ಎಲ್ಲರೂ ಮೊದಲು ಕೇಳುವುದು ಒಂದೇ ಪ್ರಶ್ನೆ: "ಯಾವ ಗಾಡಿ ಮೈಲೇಜ್ ಜಾಸ್ತಿ ಕೊಡ್ತೈತಿ?"

ಅದಕ್ಕೆ ಉತ್ತರ ಸುಲಭ, ಡೀಸೆಲ್ ಗಾಡಿ. ಆದರೆ ಮೈಲೇಜ್ ಜಾಸ್ತಿ ಕೊಡುವ ಗಾಡಿಯೇ ಕೊನೆಗೆ ಅಗ್ಗಕ್ಕೆ ಬೀಳುತ್ತದೆ ಎಂದೇನಿಲ್ಲ. ಅದನ್ನು ತೀರ್ಮಾನಿಸುವುದು ನಮ್ಮದೇ ಓಡಾಟ. ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತೇವೆ, ಅದರಲ್ಲಿ ಹೆದ್ದಾರಿ ಎಷ್ಟು, ಪೇಟೆ ಎಷ್ಟು ಎಂಬುದನ್ನು ಕಾಗದದ ಮೇಲೆ ಬರೆದುಕೊಂಡ ಮೇಲೆಯೇ ಗಾಡಿ ಹುಡುಕಲು ಹೊರಡಬೇಕು.

ಲೆಕ್ಕ ಹಾಕಿ ನೋಡೋಣ. 2025ರ ಬೆಂಗಳೂರಿನ ದರದಲ್ಲಿ ಪೆಟ್ರೋಲ್ ಲೀಟರಿಗೆ ₹103ರ ಹತ್ತಿರ, ಡೀಸೆಲ್ ₹91ರ ಹತ್ತಿರ. ಹೆದ್ದಾರಿಯಲ್ಲಿ ಹದವಾಗಿ ಓಡಿಸಿದರೆ ಏಳೆಂಟು ವರ್ಷ ಹಳೆಯ ಸಾಧಾರಣ ಪೆಟ್ರೋಲ್ ಕಾರು ಲೀಟರಿಗೆ 16 ಕಿಮೀ ಕೊಡುತ್ತದೆ ಎಂದಿಟ್ಟುಕೊಳ್ಳಿ, ಅದೇ ಗಾತ್ರದ ಡೀಸೆಲ್ ಕಾರು 20. ಅಲ್ಲಿಗೆ ಪೆಟ್ರೋಲ್ ಗಾಡಿಗೆ ಕಿಮೀಗೆ ₹6.44, ಡೀಸೆಲ್‌ಗೆ ₹4.55. ವ್ಯತ್ಯಾಸ ಸುಮಾರು ₹1.90. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗಿಬರಲು ಸುಮಾರು 820 ಕಿಮೀ. ತಿಂಗಳಿಗೆ ಎರಡು ಸಲ ಹೋಗುವವರದು ವರ್ಷಕ್ಕೆ 20,000 ಕಿಮೀ ಸಮೀಪಕ್ಕೆ ಬರುತ್ತದೆ. ಡೀಸೆಲ್‌ನಿಂದ ಅವರಿಗೆ ವರ್ಷಕ್ಕೆ ₹38,000 ಉಳಿಯುತ್ತದೆ. ಎರಡು ತಿಂಗಳಿಗೊಮ್ಮೆ ಹೋಗುವವರದು 5,000 ಕಿಮೀ. ಅವರಿಗೆ ಉಳಿಯುವುದು ₹9,500 ಮಾತ್ರ. ಹಳೆ ಡೀಸೆಲ್ ಗಾಡಿಯ ಎಂಜಿನ್ನಿಗೆ ಹೆಚ್ಚು ಗಾಳಿ ನೂಕುವ ಟರ್ಬೋ ಕೆಟ್ಟರೆ, ಇಂಧನ ಚಿಮ್ಮಿಸುವ ನಾಲ್ಕು ಇಂಜೆಕ್ಟರ್ ಬದಲಿಸಬೇಕಾಗಿ ಬಂದರೆ, ಆ ಒಂದು ಬಿಲ್ಲಿನಲ್ಲೇ ಮೂರ್ನಾಲ್ಕು ವರ್ಷದ ಉಳಿತಾಯ ಕರಗುತ್ತದೆ. ಸಾಲದ್ದಕ್ಕೆ, 2020ರ ಏಪ್ರಿಲ್‌ನಲ್ಲಿ ಬಿಎಸ್-6 ಎಂಬ ಹೊಸ ಹೊಗೆ ಮಾಲಿನ್ಯ ನಿಯಮ ಬಂದಾಗ ಮಾರುತಿ ಡೀಸೆಲ್ ಎಂಜಿನ್ ಕೈಬಿಟ್ಟ ಮೇಲೆ ಒಳ್ಳೆಯ ಸಣ್ಣ ಡೀಸೆಲ್ ಕಾರುಗಳಿಗೆ ಬೇಡಿಕೆ ಉಳಿದುಕೊಂಡಿದೆ, ಬೆಲೆಯೂ ಅಷ್ಟಾಗಿ ಇಳಿದಿಲ್ಲ.

ನಾನು ಹೇಳುವುದು ಇಷ್ಟು. ವರ್ಷಕ್ಕೆ 10,000 ಕಿಮೀ ಒಳಗಿದ್ದರೆ ಪೆಟ್ರೋಲ್ ಗಾಡಿ, ಎರಡನೇ ಯೋಚನೆ ಬೇಡ. 15,000 ದಾಟಿದ್ದು, ಅದರಲ್ಲಿ ಮುಕ್ಕಾಲು ಪಾಲು ಹೆದ್ದಾರಿಯಾದರೆ ಡೀಸೆಲ್. ನಡುವೆ ಇರುವವರು ಇಂಧನದ ಚರ್ಚೆ ಬಿಟ್ಟು, ಕಣ್ಣೆದುರು ಸಿಕ್ಕ ಗಾಡಿಗಳಲ್ಲಿ ಯಾವುದರ ಸ್ಥಿತಿ ಚೆನ್ನಾಗಿದೆಯೋ ಅದನ್ನು ಕೊಳ್ಳಬೇಕು.

ಕಂಪನಿ ಹೇಳಿದ ಮೈಲೇಜ್ ಎಲ್ಲಿ ಹೋಗುತ್ತದೆ?

2017ರ ಡಿಸೈರ್ ಡೀಸೆಲ್‌ಗೆ ಕಂಪನಿ ಹೇಳಿದ್ದು ಲೀಟರಿಗೆ 28.4 ಕಿಮೀ. ಹೆದ್ದಾರಿಯಲ್ಲಿ 20–22 ಬಂದರೆ ಅದನ್ನು ಒಳ್ಳೆಯ ಗಾಡಿ ಎನ್ನುತ್ತೇವೆ. ಹಾಗಂತ ಕಂಪನಿ ಸುಳ್ಳು ಹೇಳಿತು ಎನ್ನುವಂತಿಲ್ಲ. ಈ ಅಂಕಿ ಬರುವುದು ಪ್ರಯೋಗಾಲಯದ ಪರೀಕ್ಷೆಯಿಂದ. ಗಾಡಿಯನ್ನು ಉರುಳುವ ಡ್ರಮ್ಮುಗಳ ಮೇಲೆ ನಿಲ್ಲಿಸಿ, ನಿಗದಿ ಮಾಡಿದ ವೇಗದಲ್ಲಿ, ಎಸಿ ಹಾಕದೆ ಓಡಿಸುತ್ತಾರೆ. ಆ ಪರೀಕ್ಷೆಯಲ್ಲಿ ಗರಿಷ್ಠ ವೇಗವೇ ಗಂಟೆಗೆ 90 ಕಿಮೀ, ಅದೂ ಸ್ವಲ್ಪ ಹೊತ್ತು. ತುಮಕೂರು ದಾಟಿದ ಮೇಲೆ ನಾವು ಓಡಿಸುವ ರೀತಿಗೂ ಅದಕ್ಕೂ ಸಂಬಂಧವೇ ಇಲ್ಲ.

ಹೆದ್ದಾರಿಯಲ್ಲಿ ಇಂಧನ ಕುಡಿಯುವುದು ಮುಖ್ಯವಾಗಿ ಗಾಳಿಯ ತಡೆ. ಪೇಟೆಯಲ್ಲಿ ಭಾರದ ಗಾಡಿಗೆ ಹೆಚ್ಚು ಇಂಧನ ಬೇಕು, ಏಕೆಂದರೆ ನಿಂತ ಭಾರವನ್ನು ಮತ್ತೆ ಮತ್ತೆ ಎಳೆಯಬೇಕು. ಒಂದೇ ವೇಗದಲ್ಲಿ ಓಡುವ ಹೆದ್ದಾರಿಯಲ್ಲಿ ಭಾರದ ಮಾತು ಹಿಂದೆ ಸರಿದು ಗಾಡಿಯ ಆಕಾರ ಮುಂದೆ ಬರುತ್ತದೆ. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೇಗ 80ರಿಂದ 100ಕ್ಕೆ ಹೋದಾಗ ಕಾಲು ಪಾಲು ಹೆಚ್ಚಿದಂತೆ ಕಾಣುತ್ತದೆ, ಗಾಳಿಯ ತಡೆ ಮಾತ್ರ ಒಂದೂವರೆ ಪಟ್ಟು ಮೀರುತ್ತದೆ. 100ರಿಂದ 120ಕ್ಕೆ ಹೋದರೆ ಅದರ ಮೇಲೆ ಇನ್ನೂ ಶೇ 44. ಕೇಂದ್ರ ಸರ್ಕಾರದ 2018ರ ಅಧಿಸೂಚನೆಯ ಪ್ರಕಾರ ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿನ ಮಿತಿಯೇ 100. ಆ ಮಿತಿಯೊಳಗೆ 85–90ರಲ್ಲಿ ಓಡಿಸುವವರಿಗೂ ಮಿತಿ ಮೀರಿ 110ರಲ್ಲಿ ಓಡಿಸುವವರಿಗೂ ಅದೇ ಗಾಡಿ ಬೇರೆ ಬೇರೆ ಮೈಲೇಜ್ ಕೊಡುತ್ತದೆ. ಲೀಟರಿಗೆ ಮೂರ್ನಾಲ್ಕು ಕಿಮೀ ವ್ಯತ್ಯಾಸ ಬಂದರೂ ಆಶ್ಚರ್ಯವಿಲ್ಲ.

ಈ ಕಾರಣಕ್ಕೇ ಪೇಟೆಗೆ ಹೇಳಿ ಮಾಡಿಸಿದ ಎತ್ತರದ ಕಾರುಗಳು ದೂರದ ದಾರಿಗೆ ಅಷ್ಟು ಒಗ್ಗುವುದಿಲ್ಲ. ವ್ಯಾಗನ್ ಆರ್‌ನಂಥ ಗಾಡಿಯಲ್ಲಿ ಹತ್ತಿ ಇಳಿಯುವುದು ಸುಲಭ, ಮಂಡಿ ನೋವಿನ ಹಿರಿಯರಿಗೆ ಅದೊಂದು ವರ. ಆದರೆ ಚಿತ್ರದುರ್ಗದ ಸುತ್ತ ಗುಡ್ಡದ ತುಂಬ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ಮನೆ ಅಲ್ಲ. ಆ ಬಯಲಿನಲ್ಲಿ ಪಕ್ಕದಿಂದ ಬೀಸುವ ಗಾಳಿಗೆ ಎತ್ತರದ ಹಗುರ ಗಾಡಿ ಸ್ಟಿಯರಿಂಗ್ ಹಿಡಿದವರ ಕೈಗೇ ಗೊತ್ತಾಗುವಷ್ಟು ಸರಿಯುತ್ತದೆ. ಸೆಡಾನ್ ಅಥವಾ ತಗ್ಗಾದ ಹ್ಯಾಚ್‌ಬ್ಯಾಕ್ ನೆಲ ಕಚ್ಚಿಕೊಂಡು ಓಡುತ್ತದೆ.

ಇನ್ನೊಂದು ವಿಷಯ ಗೇರಿನದು. ಗಾಡಿ ನೋಡಲು ಹೋದಾಗ ಟಾಪ್ ಗೇರಿನಲ್ಲಿ 100ರ ವೇಗದಲ್ಲಿ ಎಂಜಿನ್ ಎಷ್ಟು ಸುತ್ತುತ್ತಿದೆ ಎಂದು ಆರ್‌ಪಿಎಂ ಮೀಟರಿನಲ್ಲಿ ನೋಡಿ. ಸಣ್ಣ ಟರ್ಬೋ ಡೀಸೆಲ್ 2,000–2,500ರ ನಡುವೆ ನೆಮ್ಮದಿಯಾಗಿ ಗುನುಗುತ್ತಿರುತ್ತದೆ. 800 ಸಿಸಿಯ ಪೇಟೆ ಕಾರು ಮೂರೂವರೆ ಸಾವಿರ ದಾಟಿ ಕಿರುಚುತ್ತಿರುತ್ತದೆ. ಆರೇಳು ಗಂಟೆ ಆ ಸದ್ದಿನಲ್ಲಿ ಕೂತರೆ ಮೈಕೈ ನೋವಿಗಿಂತ ತಲೆನೋವು ಹೆಚ್ಚು. ದಣಿದ ಚಾಲಕನಿಗೆ ಹಾವೇರಿ ದಾಟಿದ ಮೇಲೆ ಕಣ್ಣು ಎಳೆಯುತ್ತದೆ. ಹಾಗಾಗಿ ಲೀಟರಿಗೆ ಒಂದು ಕಿಮೀ ಕಡಿಮೆ ಕೊಟ್ಟರೂ ಸದ್ದು ಕಡಿಮೆ ಇರುವ, ಸೀಟು ಬೆನ್ನಿಗೆ ಒಪ್ಪುವ ಗಾಡಿಯನ್ನೇ ಆರಿಸಿ ಎನ್ನುತ್ತೇನೆ.

ಡೀಸೆಲ್, ಪೆಟ್ರೋಲ್, ಗ್ಯಾಸ್

ಡೀಸೆಲ್ ಯಾಕೆ ಹೆಚ್ಚು ಓಡುತ್ತದೆ ಎಂಬುದಕ್ಕೆ ಎರಡು ಕಾರಣ. ಒಂದು ಲೀಟರ್ ಡೀಸೆಲ್‌ನಲ್ಲಿ ಒಂದು ಲೀಟರ್ ಪೆಟ್ರೋಲ್‌ಗಿಂತ ಶೇ 10ಕ್ಕೂ ಹೆಚ್ಚು ಶಕ್ತಿ ಇದೆ. ಜೊತೆಗೆ ಡೀಸೆಲ್ ಎಂಜಿನ್ ಗಾಳಿಯನ್ನು ಹೆಚ್ಚು ಒತ್ತಿ, ಆ ಬಿಸಿಗೇ ಇಂಧನ ಹೊತ್ತಿಸುವುದರಿಂದ, ಅದೇ ಶಕ್ತಿಯಲ್ಲಿ ಹೆಚ್ಚು ಕೆಲಸ ತೆಗೆಯುತ್ತದೆ. ಕಡಿಮೆ ಸುತ್ತಿನಲ್ಲೇ ಎಳೆತ ಸಿಗುವುದರಿಂದ ಐದು ಜನ ಕೂತು ಡಿಕ್ಕಿ ತುಂಬಿದ್ದರೂ ಏರಿನಲ್ಲಿ ಪದೇ ಪದೇ ಗೇರು ಇಳಿಸಬೇಕಿಲ್ಲ.

ಈಗಿನ ಪೆಟ್ರೋಲ್‌ನಲ್ಲಿ ಶೇ 20 ಎಥನಾಲ್ ಇರುತ್ತದೆ. ಈ ಇ20 ಇಂಧನವನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದ್ದು. 2025ರ ಹೊತ್ತಿಗೆ ದೇಶದ ತುಂಬ ಅದೇ ಆಯಿತು. ಲೀಟರ್ ಲೆಕ್ಕದಲ್ಲಿ ಎಥನಾಲ್‌ನ ಶಕ್ತಿ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. ಇ20ಗೆಂದು ತಯಾರಾಗದ ಹಳೆ ಕಾರುಗಳಲ್ಲಿ ಮೈಲೇಜ್ ಶೇ 6–7ರಷ್ಟು ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. 2023ಕ್ಕಿಂತ ಹಿಂದಿನ ಪೆಟ್ರೋಲ್ ಕಾರು ಕೊಳ್ಳುವವರು, ಹಳೆಯ ಮಾಲೀಕರು ಹೇಳುವ "ಹದಿನೆಂಟು ಕೊಡ್ತಿತ್ತು ಸಾರ್" ಎಂಬ ಮಾತಿನಿಂದ ಒಂದು ಕಿಮೀ ಕಳೆದುಕೊಂಡೇ ಲೆಕ್ಕ ಮಾಡಬೇಕು. ಇಂಧನ ಪೈಪು, ರಬ್ಬರ್ ಸೀಲುಗಳನ್ನು ಮೆಕ್ಯಾನಿಕ್ ಕೈಲಿ ನೋಡಿಸುವುದೂ ಒಳ್ಳೆಯದು.

ಬಿಎಸ್-6 ಡೀಸೆಲ್ ಕಾರುಗಳಲ್ಲಿ, ಅಂದರೆ 2020ರ ಏಪ್ರಿಲ್ ನಂತರದವುಗಳಲ್ಲಿ, ಹೊಗೆಯ ಮಸಿ ಹಿಡಿಯಲು ಡಿಪಿಎಫ್ ಎಂಬ ಶೋಧಕ ಇರುತ್ತದೆ. ಅಡುಗೆ ಮನೆಯ ಚಿಮಣಿಯಲ್ಲಿ ಜಿಡ್ಡು ಕಟ್ಟುವ ಹಾಗೆ ಅದರಲ್ಲಿ ಮಸಿ ಕಟ್ಟುತ್ತಾ ಹೋಗುತ್ತದೆ. ಗಾಡಿ ಇಪ್ಪತ್ತು ನಿಮಿಷವಾದರೂ ಒಂದೇ ಸಮನೆ ವೇಗವಾಗಿ ಓಡಿದಾಗ ಶೋಧಕ ಕಾದು, ಆ ಮಸಿ ತಾನೇ ಸುಟ್ಟುಹೋಗುತ್ತದೆ. ಊರಿನ ದಾರಿಯಲ್ಲಿ ಓಡುವ ಗಾಡಿಗೆ ಇದು ತೊಂದರೆಯೇ ಅಲ್ಲ. ಮಾರತಹಳ್ಳಿ–ಸಿಲ್ಕ್ ಬೋರ್ಡ್ ನಡುವೆ ಮಾತ್ರ ತೆವಳಿದ ಗಾಡಿಯಲ್ಲಿ ಅದು ಕಟ್ಟಿಕೊಂಡಿರುವ ಸಂಭವ ಹೆಚ್ಚು, ಹೊಸ ಶೋಧಕ ಬಹಳ ದುಬಾರಿ. ಅದಕ್ಕೇ "ಬರೀ ಆಫೀಸಿಗೆ ಓಡಿಸಿದ್ದು, ಕಡಿಮೆ ಕಿಲೋಮೀಟರ್" ಎಂದು ಮಾರುವ ಬಿಎಸ್-6 ಡೀಸೆಲ್ ಕಂಡರೆ ನಾನು ಹಿಂದೆ ಸರಿಯುತ್ತೇನೆ. ನಾಲ್ಕೈದು ಲಕ್ಷದ ಬಜೆಟ್ಟಿಗೆ ಸಿಗುವುದು ಬಹುತೇಕ ಹಿಂದಿನ ನಿಯಮದ ಬಿಎಸ್-4 ಗಾಡಿಗಳೇ, ಅವುಗಳ ರಿಪೇರಿ ಸರಳ.

ಸಿಎನ್‌ಜಿ ಕಿಮೀ ಲೆಕ್ಕದಲ್ಲಿ ಎಲ್ಲಕ್ಕಿಂತ ಅಗ್ಗ. ಆದರೆ ಸಿಲಿಂಡರ್ ಡಿಕ್ಕಿ ತಿನ್ನುತ್ತದೆ, ಜೋಳದ ಚೀಲಕ್ಕೆ ಜಾಗವಿಲ್ಲ. ಒಂದು ಸಲ ತುಂಬಿಸಿದರೆ ಇನ್ನೂರು ಚಿಲ್ಲರೆ ಕಿಮೀ. ದಾರಿಯಲ್ಲಿ ಬಂಕಿನ ಸಾಲಿನಲ್ಲಿ ಕಾಯಬೇಕು. ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಪರೀಕ್ಷೆ ಮಾಡಿಸಿದ ಸರ್ಟಿಫಿಕೇಟ್ ಇಲ್ಲದ ಹಳೆ ಸಿಎನ್‌ಜಿ ಗಾಡಿಯನ್ನು ಮುಟ್ಟಲೇಬೇಡಿ.

ಯಾವ ಗಾಡಿಗಳು?

ಹೆದ್ದಾರಿಯಲ್ಲಿ ಕೈಕೊಟ್ಟ ಗಾಡಿಯನ್ನು ಹಿರಿಯೂರಿನಲ್ಲೋ ರಾಣೆಬೆನ್ನೂರಿನಲ್ಲೋ ಒಬ್ಬ ಮೆಕ್ಯಾನಿಕ್ ಅದೇ ದಿನ ರಿಪೇರಿ ಮಾಡಿಕೊಡಬಲ್ಲನೇ ಎಂಬುದು ನನ್ನ ಮೊದಲ ಅಳತೆಗೋಲು. ಆ ಲೆಕ್ಕದಲ್ಲಿ ಮಾರುತಿ ಸ್ವಿಫ್ಟ್ ಮತ್ತು ಡಿಸೈರ್ ಡೀಸೆಲ್ ಮುಂದೆ ನಿಲ್ಲುತ್ತವೆ. ಅವುಗಳ 1,248 ಸಿಸಿ ಎಂಜಿನ್ ಮೂಲದಲ್ಲಿ ಫಿಯೆಟ್‌ನದು. ಇದೇ ಎಂಜಿನ್ ಟಾಟಾ, ಫಿಯೆಟ್ ಕಾರುಗಳಲ್ಲೂ ಕೂತಿತ್ತು. ಹಾಗಾಗಿ ಅದರ ಒಳಹೊರಗು ಗೊತ್ತಿಲ್ಲದ ಗ್ಯಾರೇಜು ನಮ್ಮ ಕಡೆ ಅಪರೂಪ. ಎಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ಆಡಿಸುವ ಟೈಮಿಂಗ್ ಬೆಲ್ಟ್ ಬದಲು ಚೈನ್ ಇರುವುದರಿಂದ ಕಾಲಕಾಲಕ್ಕೆ ಬೆಲ್ಟ್ ಬದಲಿಸುವ ಖರ್ಚೂ ಇಲ್ಲ. ಅದರ ಕೊರತೆ ಎಂದರೆ 2,000 ಆರ್‌ಪಿಎಂ ಕೆಳಗೆ ಟರ್ಬೋ ಮಲಗಿರುತ್ತದೆ. ಶಿರಾಡಿ ಘಾಟಿಯಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡಾಗ ಎರಡನೇ ಗೇರಿಗೆ ಇಳಿಸದೆ ಓವರ್‌ಟೇಕ್‌ಗೆ ಹೊರಡಬಾರದು.

ನಮ್ಮ ಬಿಡದಿಯಲ್ಲೇ ತಯಾರಾದ ಟೊಯೋಟಾ ಎಟಿಯೋಸ್ ನನಗೆ ಇನ್ನೂ ಹೆಚ್ಚು ಇಷ್ಟ. 1.4 ಲೀಟರ್ ಡೀಸೆಲ್, ಎಂಜಿನ್ ಶಕ್ತಿ 68 ಪಿಎಸ್ ಮಾತ್ರ, ಒಳಗೆ ಅಂದಚಂದ ಕಡಿಮೆ, ಮೀಟರು ನಡುವೆ ಕೂತಿರುತ್ತದೆ. ಆದರೆ ಡಿಕ್ಕಿ ದೊಡ್ಡದು, ಎಂಜಿನ್ ಗಟ್ಟಿಮುಟ್ಟು. ಟ್ಯಾಕ್ಸಿಯವರು ಇದನ್ನು ಮೆಚ್ಚಿದ್ದೂ ಅದಕ್ಕೇ, ಈಗ ಕೊಳ್ಳುವವರು ಎಚ್ಚರ ವಹಿಸಬೇಕಾದದ್ದೂ ಅದಕ್ಕೇ: ಯೆಲ್ಲೋ ಬೋರ್ಡ್‌ನಲ್ಲಿ ದುಡಿದು ಸವೆದ ಗಾಡಿಯನ್ನು ವೈಟ್ ಬೋರ್ಡ್‌ಗೆ ಬದಲಿಸಿ ಮಾರುವುದುಂಟು. ಆರ್‌ಟಿಒ ಕಚೇರಿಯಿಂದ ಬಿ-ಎಕ್ಸ್‌ಟ್ರಾಕ್ಟ್ ತೆಗೆಸಿದರೆ ಗಾಡಿಯ ಪೂರ್ವಾಪರ ತಿಳಿಯುತ್ತದೆ.

ಹೋಂಡಾ ಅಮೇಜ್ ಮತ್ತು ಸಿಟಿ ಡೀಸೆಲ್‌ಗಳು 100 ಪಿಎಸ್ ಶಕ್ತಿಯವು, ಇಂಧನ ಉಳಿಸುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ಸಿಟಿಗೆ ಆರನೇ ಗೇರಿದೆ. ಸದ್ದು ಮಾತ್ರ ಜಾಸ್ತಿ, ಒಮ್ಮೆ ಓಡಿಸಿ ಕಿವಿ ಒಪ್ಪಿದರೆ ತೆಗೆದುಕೊಳ್ಳಿ. ಫೋಕ್ಸ್‌ವ್ಯಾಗನ್ ಪೋಲೋ, ವೆಂಟೋ 1.5 ಡೀಸೆಲ್‌ಗಳ ಹಾಗೆ ರಸ್ತೆ ಹಿಡಿದು ಓಡುವ ಕಾರು ಈ ಬೆಲೆಗೆ ಬೇರೆ ಸಿಗುವುದು ಕಷ್ಟ. ಅವುಗಳಲ್ಲಿ ಟೈಮಿಂಗ್ ಬೆಲ್ಟ್ ಇದೆ. ಅದನ್ನು ಬದಲಿಸಿದ ಬಿಲ್ಲು ಇಲ್ಲದಿದ್ದರೆ ಆ ಖರ್ಚನ್ನು ಚೌಕಾಸಿಯಲ್ಲೇ ಕಳೆಯಬೇಕು, ಏಕೆಂದರೆ ಓಡುವಾಗ ಬೆಲ್ಟ್ ಹರಿದರೆ ಎಂಜಿನ್ನೇ ಹಾಳಾಗುತ್ತದೆ. ಫೋರ್ಡ್ ಫಿಗೋ, ಆಸ್ಪೈರ್ 1.5 ಡೀಸೆಲ್‌ಗಳದೂ ಬೆಲ್ಟೇ. 2021ರಲ್ಲಿ ಫೋರ್ಡ್ ಭಾರತದಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿದ ಮೇಲೆ ಇವುಗಳ ಬೆಲೆ ಇಳಿಯಿತು. ಓಡಿಸಲು ಸೊಗಸಾದ ಗಾಡಿ, ಸರ್ವಿಸ್ ಇನ್ನೂ ಸಿಗುತ್ತದೆ. ಪೇಟೆಯಲ್ಲಿ ಪರಿಚಯದ ಒಳ್ಳೆಯ ಗ್ಯಾರೇಜು ಇದ್ದವರಿಗೆ ಇದು ಲಾಭದ ವ್ಯಾಪಾರ.

ಭಾರತ ಬಿಟ್ಟು ಹೋದ ಕಂಪನಿಗಳ ಉಳಿದ ಗಾಡಿಗಳ ಬಗ್ಗೆ ಒಂದು ಮಾತು. ಫಿಯೆಟ್ ಲೀನಿಯಾದ ಡೀಸೆಲ್ ಎಂಜಿನ್ನಿಗೆ ಸ್ವಿಫ್ಟ್‌ನ ದೆಸೆಯಿಂದ ಬಿಡಿಭಾಗ ಸಿಕ್ಕೀತು. ಬಾಗಿಲ ಗಾಜು, ಬಂಪರ್, ಹೆಡ್‌ಲೈಟ್ ಒಡೆದರೆ ವಾರಗಟ್ಟಲೆ ಹುಡುಕಬೇಕು. ಮನೆಯಲ್ಲಿ ಇನ್ನೊಂದು ಗಾಡಿ ಇಲ್ಲದವರು ಅತ್ತ ಹೋಗದಿರುವುದು ಮೇಲು.

ಪೆಟ್ರೋಲ್ ಸಾಲಿನಲ್ಲಿ ಆಯ್ಕೆ ಸುಲಭ. ಬಲೆನೋ, ಸಿಯಾಜ್, ಹೋಂಡಾ ಸಿಟಿ, ಎಟಿಯೋಸ್ 1.5. ಇವುಗಳಲ್ಲಿ ಯಾವುದು ಚೆನ್ನಾಗಿ ನೋಡಿಕೊಂಡದ್ದು ಸಿಕ್ಕರೂ ಆದೀತು. ಸಿಯಾಜ್‌ನ ಹಿಂದಿನ ಸೀಟಿನಲ್ಲಿ ಹಿರಿಯರು ಕಾಲು ಚಾಚಿ ಕೂರುವಷ್ಟು ಜಾಗವಿದೆ, ದೂರದ ದಾರಿಯಲ್ಲಿ ಅದಕ್ಕೆ ಬೆಲೆ ಕಟ್ಟಲಾಗದು.

ಹೆಚ್ಚು ಓಡಿದ ಗಾಡಿಗೆ ಹೆದರಬೇಡಿ

ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಎಲ್ಲರ ಕಣ್ಣೂ ಓಡೋಮೀಟರ್ ಮೇಲೆ. ಲಕ್ಷ ದಾಟಿದ್ದರೆ ಮುಖ ತಿರುಗಿಸುತ್ತಾರೆ. ಈ ಅಂಕಿ ನೋಡಿ. ಒಂದು ಗಾಡಿ ಹೆದ್ದಾರಿಯಲ್ಲಿ ಸರಾಸರಿ 60ರ ವೇಗದಲ್ಲಿ 1,20,000 ಕಿಮೀ ಓಡಿದೆ. ಅಂದರೆ ಅದರ ಎಂಜಿನ್ ತಿರುಗಿದ್ದು 2,000 ಗಂಟೆ. ಇನ್ನೊಂದು ಬೆಂಗಳೂರಿನೊಳಗೇ ಸರಾಸರಿ 18ರ ವೇಗದಲ್ಲಿ 60,000 ಕಿಮೀ ಓಡಿದೆ. ಅದರ ಎಂಜಿನ್ ತಿರುಗಿದ್ದು 3,300 ಗಂಟೆಗೂ ಹೆಚ್ಚು. ಸಿಗ್ನಲ್‌ನಲ್ಲಿ ನಿಂತು ಉರಿದ ಡೀಸೆಲ್ ಓಡೋಮೀಟರಿನಲ್ಲಿ ಕಾಣುವುದಿಲ್ಲ. ಎಂಜಿನ್ ಹೆಚ್ಚು ಸವೆಯುವುದು ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ ಮೊದಲ ನಿಮಿಷಗಳಲ್ಲಿ. ಕ್ಲಚ್ಚು, ಬ್ರೇಕು, ಗೇರುಗಳು ಸವೆಯುವುದು ಪದೇ ಪದೇ ನಿಂತು ಹೊರಡುವುದರಲ್ಲಿ. ಹೆದ್ದಾರಿಯ ಗಾಡಿಗೆ ಇವೆರಡೂ ಕಡಿಮೆ. ಸರ್ವಿಸ್ ದಾಖಲೆ ಪೂರ್ತಿ ಇರುವ 1,20,000 ಕಿಮೀ ಗಾಡಿಯನ್ನು, ದಾಖಲೆಯಿಲ್ಲದ 60,000 ಕಿಮೀ ಗಾಡಿಗಿಂತ ಕಡಿಮೆ ಬೆಲೆಗೆ ಕೊಂಡವರೇ ಜಾಣರು.

ಅದೂ ಅಲ್ಲದೆ ಆ 60,000 ನಿಜವೇ ಎಂಬ ಖಾತ್ರಿ ಬೇಕಲ್ಲ. ಮೀಟರ್ ಹಿಂದಕ್ಕೆ ತಿರುಗಿಸುವುದು ಹತ್ತು ನಿಮಿಷದ ಕೆಲಸ. ಕಂಪನಿಯ ಸರ್ವಿಸ್ ಸೆಂಟರ್‌ಗೆ ರಿಜಿಸ್ಟ್ರೇಷನ್ ನಂಬರ್ ಕೊಟ್ಟು, ಮಾರುವವರ ಮೂಲಕವೇ ಹಳೆಯ ಜಾಬ್ ಕಾರ್ಡ್‌ಗಳನ್ನು ತೆಗೆಸಿ. ಪ್ರತಿ ಸರ್ವಿಸ್‌ನ ದಿನಾಂಕದ ಎದುರು ಕಿಮೀ ಬರೆದಿರುತ್ತದೆ. ಗಾಡಿಯ ಮೈಯೂ ಸಾಕ್ಷಿ ಹೇಳುತ್ತದೆ. ಕ್ಲಚ್ ಪೆಡಲಿನ ರಬ್ಬರ್ ನುಣುಪಾಗಿ ಅಂಚು ಸವೆದಿದ್ದು, ಸ್ಟಿಯರಿಂಗ್ ಕೈ ಹಿಡಿಯುವಲ್ಲಿ ಹೊಳೆಯುತ್ತಿದ್ದು, ಚಾಲಕನ ಸೀಟಿನ ಬಾಗಿಲ ಬದಿಯ ಅಂಚು ಕುಸಿದಿದ್ದರೆ ಆ ಗಾಡಿ 40,000 ಓಡಿದ್ದಲ್ಲ.

ಬೆಳಿಗ್ಗೆಯೇ ಹೋಗಿ ನೋಡಿ

ಮಾರುವವರಿಗೆ ಹಿಂದಿನ ದಿನವೇ ಫೋನಿನಲ್ಲಿ ಹೇಳಬೇಕು: "ಸಾರ್, ನಾವು ಬರೋವರೆಗೂ ಗಾಡಿ ಸ್ಟಾರ್ಟ್ ಮಾಡ್ಬೇಡಿ." ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ, ತಣ್ಣಗಿದ್ದಾಗ ಬರುವ ಯಾವುದೋ ಸದ್ದನ್ನೋ ಹೊಗೆಯನ್ನೋ ಮುಚ್ಚಿಡಲು ಮೊದಲೇ ಓಡಿಸಿರಬಹುದು. ತಣ್ಣಗಿದ್ದರೆ ಒಬ್ಬರು ಹಿಂದೆ ಸೈಲೆನ್ಸರ್ ಬಳಿ ನಿಲ್ಲಿ, ಇನ್ನೊಬ್ಬರು ಸ್ಟಾರ್ಟ್ ಮಾಡಲಿ. ಮೊದಲ ಸಲಕ್ಕೆ ಒಂದಿಷ್ಟು ಹೊಗೆ ಬಂದು ನಿಂತರೆ ಚಿಂತೆಯಿಲ್ಲ. ನೀಲಿ ಹೊಗೆ ಬರುತ್ತಲೇ ಇದ್ದರೆ ಎಂಜಿನ್ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಸೋರುತ್ತಿರಬಹುದು, ಡೀಸೆಲ್‌ನಲ್ಲಿ ಇಂಜೆಕ್ಟರ್ ದೋಷವೂ ಇರಬಹುದು.

ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳವನ್ನು ತಿರುಗಿಸಿ ತೆಗೆದು, ಅದೇ ರಂಧ್ರದ ಮೇಲೆ ತಲೆಕೆಳಗಾಗಿ ಇಟ್ಟು ನೋಡಿ. ಸಣ್ಣಗೆ ಅಲುಗುತ್ತ ಕೂತಿದ್ದರೆ ಪರವಾಗಿಲ್ಲ. ಎಗರಿ ಬಿದ್ದರೆ, ರಂಧ್ರದಿಂದ ಬುಸುಬುಸು ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದು ಉರಿದ ಗಾಳಿ ಕೆಳಕ್ಕೆ ನುಗ್ಗುತ್ತಿದೆ. ಅಲ್ಲಿಗೆ ಮಾತು ಮುಗಿಸಿ ಬನ್ನಿ. ಮುಚ್ಚಳದ ಒಳಮೈಯಲ್ಲಿ ಬೆಣ್ಣೆಯಂಥ ಬಿಳಿ ಲೇಪ ಕಂಡರೆ ಆಯಿಲ್‌ಗೆ ನೀರು ಸೇರಿದೆಯೇ ಎಂದು ಅನುಮಾನಿಸಬೇಕು. ಡೀಸೆಲ್ ಗಾಡಿಯ ಆಯಿಲ್ ಕಪ್ಪಗಿರುವುದು ಮಾತ್ರ ಸಹಜ, ಅದನ್ನು ನೋಡಿ ಗಾಬರಿಯಾಗಬೇಡಿ.

ಓಡಿಸುವಾಗ ಬಡಾವಣೆಯ ಸುತ್ತ ಒಂದು ಸುತ್ತು ಹಾಕಿದರೆ ಸಾಲದು. ನೆಲಮಂಗಲದ ಕಡೆಗೋ ಮೈಸೂರು ರಸ್ತೆಯ ಕಡೆಗೋ ಹೋಗಿ 90ರಲ್ಲಿ ಓಡಿಸಿ. ಆ ವೇಗದಲ್ಲಿ ಸ್ಟಿಯರಿಂಗ್ ನಡುಗಿದರೆ ವೀಲ್ ಬ್ಯಾಲೆನ್ಸಿಂಗ್‌ನ ಸಣ್ಣ ಕೆಲಸವಿರಬಹುದು, ಬಾಗಿದ ರಿಮ್ಮೂ ಇರಬಹುದು. ವೇಗದ ಜೊತೆ ಏರುವ ಗುಂಯ್ ಸದ್ದು ವೀಲ್ ಬೇರಿಂಗ್‌ನದು. ನಾಲ್ಕನೇ ಗೇರಿನಲ್ಲಿ 40ರಲ್ಲಿದ್ದಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ. ವೇಗ ಏರದೆ ಆರ್‌ಪಿಎಂ ಮಾತ್ರ ಏರಿದರೆ ಕ್ಲಚ್ ಮುಗಿದಿದೆ. ಇದೆಲ್ಲ ಎಸಿ ಹಾಕಿಕೊಂಡೇ ನಡೆಯಲಿ, ಕಣ್ಣು ಟೆಂಪರೇಚರ್ ಮೀಟರಿನ ಮೇಲಿರಲಿ.

ಟೈರಿನ ಪಕ್ಕದ ಮೈಯಲ್ಲಿ ನಾಲ್ಕು ಅಂಕಿಗಳ ಒಂದು ಸಂಖ್ಯೆ ಇರುತ್ತದೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಮೈಮೇಲಿನ ಗೀರುಗಳು ಆಳವಾಗಿ ಕಂಡರೂ ಆರು ವರ್ಷ ದಾಟಿದ ಟೈರು ಬೇಸಿಗೆಯ ಹೆದ್ದಾರಿಗೆ ತಕ್ಕುದಲ್ಲ. ನಾಲ್ಕು ಹೊಸ ಟೈರಿನ ಬೆಲೆಯನ್ನು ಚೌಕಾಸಿಗೆ ತನ್ನಿ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಒಳಗೆ ಅಡಗಿದ ಭಾಗದಲ್ಲಿ ಕೆಸರಿನ ಗೆರೆ ಕಂಡರೆ ಆ ಗಾಡಿ ನೆರೆಯಲ್ಲಿ ಮುಳುಗಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳಲ್ಲಿ, 2015 ಮತ್ತು 2023ರ ಡಿಸೆಂಬರ್‌ಗಳಲ್ಲಿ ಚೆನ್ನೈಯಲ್ಲಿ ನೀರಲ್ಲಿ ನಿಂತ ಕಾರುಗಳಿಗೆ ಲೆಕ್ಕವಿಲ್ಲ. ಮಂಗಳೂರು, ಉಡುಪಿ ಕಡೆಯ ಗಾಡಿಯಾದರೆ ಅಡಿಭಾಗ ನೋಡದೆ ಮುಂಗಡ ಕೊಡಬೇಡಿ. ಕಡಲ ಗಾಳಿ, ಆರು ತಿಂಗಳ ಮಳೆ ಸೇರಿ ಕಬ್ಬಿಣ ತಿಂದಿರುತ್ತವೆ.

ಇಷ್ಟೆಲ್ಲ ನಮಗೇ ಗೊತ್ತಿದ್ದರೂ ಒಬ್ಬ ನಂಬಿಕೆಯ ಮೆಕ್ಯಾನಿಕ್‌ಗೆ ಅವರ ಕೂಲಿ ಕೊಟ್ಟು ಕರೆದೊಯ್ಯುವುದು ಈ ವ್ಯವಹಾರದಲ್ಲೇ ಅತ್ಯಂತ ಲಾಭದ ಖರ್ಚು.

ಏರ್‌ಬ್ಯಾಗ್ ವಿಷಯದಲ್ಲಿ ನಾನು ರಾಜಿಗೆ ಒಪ್ಪುವುದಿಲ್ಲ. ನಮ್ಮಲ್ಲಿ ಮಾರುವ ಎಲ್ಲ ಹೊಸ ಕಾರುಗಳಿಗೆ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ, ಚಾಲಕನ ಏರ್‌ಬ್ಯಾಗ್ ಅದೇ ವರ್ಷದ ಜುಲೈನಲ್ಲಿ. ಅದಕ್ಕಿಂತ ಹಿಂದಿನ ಗಾಡಿಗಳ ಕಡಿಮೆ ಬೆಲೆಯ ವೇರಿಯಂಟ್‌ಗಳಲ್ಲಿ ಎರಡೂ ಇಲ್ಲದಿರುವುದು ಸಾಮಾನ್ಯ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಕಾರುಗಳನ್ನು ಗುದ್ದಿಸಿ ನೋಡಿದಾಗ ಏರ್‌ಬ್ಯಾಗ್ ಇಲ್ಲದ ಪೋಲೋಗೆ ಸೊನ್ನೆ, ಎರಡು ಏರ್‌ಬ್ಯಾಗ್ ಇದ್ದ ಪೋಲೋಗೆ ನಾಲ್ಕು ಸ್ಟಾರ್ ಬಂತು. ಹೆಸರು ಒಂದೇ, ಆಕಾರ ಒಂದೇ. ಅದಕ್ಕೇ "2016ರ ಸ್ವಿಫ್ಟ್" ಎಂದು ಕೇಳಿ ಸುಮ್ಮನಾಗದೆ ಯಾವ ವೇರಿಯಂಟ್ ಎಂದು ಕೇಳಿ, ಸ್ಟಿಯರಿಂಗ್ ಮತ್ತು ಡ್ಯಾಶ್‌ಬೋರ್ಡ್ ಮೇಲಿನ ಗುರುತು ನೋಡಿ. ಕಾರು ಒಂದು ವರ್ಷ ಹೆಚ್ಚು ಹಳೆಯದಾದರೂ ಚಿಂತೆಯಿಲ್ಲ, ಮನೆಯವರನ್ನೆಲ್ಲ ಕೂರಿಸಿಕೊಂಡು ರಾತ್ರಿ ಲಾರಿಗಳ ನಡುವೆ ಓಡುವ ಗಾಡಿಯಲ್ಲಿ ಇವೆರಡು ಇರಲೇಬೇಕು.

ಕಾಗದ ಪತ್ರ

ದಿಲ್ಲಿಯ ಗಾಡಿಗಳು ಅಗ್ಗ ಎಂದು ಆಸೆಪಡುವವರಿದ್ದಾರೆ. ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ಹಸಿರು ನ್ಯಾಯಮಂಡಳಿ ನಿರ್ಬಂಧ ಹೇರಿ, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದದ್ದರಿಂದ ಅಲ್ಲಿನವರು ಸಿಕ್ಕ ಬೆಲೆಗೆ ಮಾರುತ್ತಿದ್ದರು. ಇಲ್ಲಿಗೆ ತಂದ ಮೇಲೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಮರುನೋಂದಣಿ, ಮತ್ತೆ ಕರ್ನಾಟಕದ ಜೀವಾವಧಿ ತೆರಿಗೆ. ನಮ್ಮ ರಾಜ್ಯದ ರಸ್ತೆ ತೆರಿಗೆ ದೇಶದಲ್ಲೇ ಹೆಚ್ಚಿನವುಗಳ ಸಾಲಿನಲ್ಲಿದೆ. ಇದನ್ನೆಲ್ಲ ಕೂಡಿದರೆ ಇಲ್ಲಿನ ಕೆಎ ನಂಬರಿನ ಗಾಡಿಯೇ ಅಗ್ಗವಾಗುವುದು ಹೆಚ್ಚು. 15 ವರ್ಷಕ್ಕೆ ಹತ್ತಿರವಾದ ಗಾಡಿಗೆ ಎಫ್‌ಸಿ (ಓಡಲು ಯೋಗ್ಯ ಎಂಬ ಪ್ರಮಾಣಪತ್ರ), ಹಸಿರು ತೆರಿಗೆಯ ಖರ್ಚು ಕಾದಿರುತ್ತದೆ ಎಂಬುದನ್ನೂ ಮರೆಯಬಾರದು.

ಮಾಲೀಕತ್ವ ಬದಲಿಗೆ ಫಾರ್ಮ್ 29 ಮತ್ತು 30 ಬೇಕು. ಸಾಲದ ಮೇಲೆ ಕೊಂಡ ಗಾಡಿಯಾಗಿದ್ದರೆ ಬ್ಯಾಂಕಿನ ಎನ್‌ಒಸಿ ಜೊತೆ ಫಾರ್ಮ್ 35 ಸೇರಿಸಿ ಆರ್‌ಸಿಯಿಂದ ಆ ನಮೂದು ತೆಗೆಸಬೇಕು. ಬಾಕಿ ಟ್ರಾಫಿಕ್ ದಂಡವನ್ನು ಮಾರುವವರಿಂದಲೇ ಕಟ್ಟಿಸಿ. ಇನ್ಶೂರೆನ್ಸ್ ಕಂಪನಿಗೆ 14 ದಿನದೊಳಗೆ ಅರ್ಜಿ ಕೊಟ್ಟು ಪಾಲಿಸಿ ಹೆಸರಿಗೆ ಮಾಡಿಸಿಕೊಳ್ಳದಿದ್ದರೆ ಅಪಘಾತವಾದಾಗ ನಮ್ಮ ಗಾಡಿಯ ನಷ್ಟಕ್ಕೆ ಹಣ ಸಿಗದು. ಪರಿಹಾರ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ, ಅಂದರೆ ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್, ಅವರ ಜೊತೆಗೇ ಹೋಗುತ್ತದೆ, ನಮ್ಮ ಪ್ರೀಮಿಯಂ ಅಷ್ಟು ಏರುತ್ತದೆ.

ಹಳೆಯ ಫಾಸ್ಟ್‌ಟ್ಯಾಗನ್ನು ಅವರು ಮುಚ್ಚಿಸದೆ ನಮಗೆ ಹೊಸದು ಸಿಗುವುದಿಲ್ಲ, ಒಂದು ಗಾಡಿಗೆ ಒಂದೇ ಟ್ಯಾಗ್. ಹೊಸ ಟ್ಯಾಗ್ ಬಂದ ಮೇಲೆ ವಾರ್ಷಿಕ ಪಾಸ್ ಮಾಡಿಸಿ. 2025ರ ಆಗಸ್ಟ್ 15ರಿಂದ ₹3,000 ಬೆಲೆಗೆ ಜಾರಿಗೆ ಬಂದ ಈ ಪಾಸಿನಲ್ಲಿ ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳಲ್ಲಿ 200 ಸಲ, ಅಥವಾ ಒಂದು ವರ್ಷ, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಯವರೆಗೆ ಓಡಾಡಬಹುದು. ನೈಸ್ ರಸ್ತೆಗೆ ಅದು ನಡೆಯುವುದಿಲ್ಲ. ತಿಂಗಳಿಗೆ ಎರಡು ಸಲ ಹುಬ್ಬಳ್ಳಿಗೆ ಹೋಗುವವರಿಗೆ, ವರ್ಷದ ನಡುವೆ ಇನ್ನೊಂದು ಪಾಸ್ ಕೊಳ್ಳಬೇಕಾಗಿ ಬಂದರೂ, ಇದರಿಂದ ಉಳಿಯುವ ಹಣ ಕಡಿಮೆಯೇನಲ್ಲ.

ಕೈಯಲ್ಲಿ ಐದು ಲಕ್ಷ ಇದ್ದರೆ ಗಾಡಿಗೆ ನಾಲ್ಕೂವರೆ ಮಾತ್ರ ಕೊಡಿ. ಉಳಿದದ್ದು ಆಯಿಲ್, ಎಲ್ಲ ಫಿಲ್ಟರ್, ಕೂಲೆಂಟ್, ಬ್ರೇಕ್ ಆಯಿಲ್, ಬೆಲ್ಟು, ಬೇಕಿದ್ದರೆ ಟೈರು, ಬ್ಯಾಟರಿಗೆ. ಹಳೆಯ ಮಾಲೀಕರು "ಮೊನ್ನೆ ತಾನೇ ಸರ್ವಿಸ್ ಆಗಿದೆ" ಎಂದರೂ ಇವನ್ನೆಲ್ಲ ಹೊಸದಾಗಿ ಮಾಡಿಸಿಯೇ ದಾರಿ ಹಿಡಿಯಬೇಕು. ಮೊದಲ ಸಲ ಊರಿಗೆ ಹೊರಡುವ ಮುನ್ನ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಎಲ್ಲಿಯವರೆಗಿದೆ ಎಂದು ಫೋಟೊ ತೆಗೆದಿಡಿ. ಹೋಗಿಬಂದ ಮರುದಿನ ಬೆಳಿಗ್ಗೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಮತ್ತೆ ನೋಡಿ. 800 ಕಿಮೀ ಓಡಿದ ಮೇಲೂ ಮಟ್ಟ ಹೆಚ್ಚುಕಡಿಮೆ ಅಲ್ಲೇ ಇದ್ದರೆ ಎಂಜಿನ್ ಚೆನ್ನಾಗಿದೆ. ಕಣ್ಣಿಗೆ ಕಾಣುವಷ್ಟು ಇಳಿದಿದ್ದರೆ, ಮುಂದಿನ ಸಲ ಹೊರಡುವ ಮೊದಲು ಮೆಕ್ಯಾನಿಕ್ ಹತ್ತಿರ ಹೋಗಿ.